ರೂರ್ಕಿಯ ಇಂಜಿನಿಯರ್, ನಿಜಾಮರ ಫೋಟೋಗ್ರಾಫರ್: ರಾಜಾ ದೀನ್ ದಯಾಳ್

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಹಾಸ್ಟೆಲ್ ರೂಮಿನ ಮೂವರು ಸೇರಿ ಒಂದು ಬಿಸಿನೆಸ್ ಶುರು ಮಾಡಿದ್ವಿ. ದೊಡ್ಡದೇನಲ್ಲ, ಫೋನಲ್ಲಿ ಫೋಟೋ ತೆಗೆದು ಆನ್‌ಲೈನಲ್ಲಿ ಮಾರೋದು. ಸ್ಟಾಕ್ ಫೋಟೋ ಅಂತಾರಲ್ಲ, ಅದೇ. ಯಾರೂ ಆರ್ಡರ್ ಕೊಡೋ ಮೊದಲೇ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿರ್ತೀವಿ. ಜಾಹೀರಾತಿನವರಿಗೋ ಪತ್ರಿಕೆಯವರಿಗೋ ಬೇಕಾದಾಗ ದುಡ್ಡು ಕೊಟ್ಟು ಬಳಸ್ಕೋತಾರೆ. ಫೋಟೋ ಒಂದೇ, ಕೊಳ್ಳೋರು ನೂರು ಜನ ಇರಬಹುದು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಮೊದಲ ವಾರ 10 ಫೋಟೋ ಹಾಕಿದ್ವಿ. 8 ವಾಪಸ್ ಬಂತು. ಸೂರ್ಯಾಸ್ತದ ಫೋಟೋದಲ್ಲಿ ನಾಯ್ಸ್ ಜಾಸ್ತಿಯಂತೆ. ಕ್ಯಾಂಟೀನ್ ದೋಸೆಯಲ್ಲಿ ಫೋಕಸ್ ಚಟ್ನಿ ಮೇಲೆ ಬಿದ್ದಿತ್ತು. ಲ್ಯಾಪ್‌ಟಾಪ್ ಫೋಟೋದಲ್ಲಿ ಕಂಪನಿಯ ಲೋಗೋ ಕಾಣ್ತಿತ್ತು. ನಮಗೆ ತುಂಬಾ ಇಷ್ಟವಾಗಿದ್ದ, ಕಾಲೇಜ್ ಗೇಟಿನ ಹೂವಿನಜ್ಜಿಯ ಫೋಟೋಗೆ ಅಜ್ಜಿಯ ಸಹಿ ಇರೋ ಒಪ್ಪಿಗೆ ಪತ್ರ ಬೇಕು ಅಂದ್ರು. ಪಾಸಾದ ಎರಡರಲ್ಲಿ ಒಂದು ಮಾತ್ರ, ಅದೂ ಎರಡು ತಿಂಗಳಾದ ಮೇಲೆ, ಮಾರಾಟ ಆಯ್ತು. ಯಾವುದು ಗೊತ್ತಾ? ವರ್ಕ್‌ಶಾಪ್ ಟೇಬಲ್ ಮೇಲಿದ್ದ ವರ್ನಿಯರ್ ಕ್ಯಾಲಿಪರ್! ಲ್ಯಾಬ್ ರೆಕಾರ್ಡಿಗೆ ಅಂತ ತೆಗೆದಿದ್ದು. ಬಂದ ದುಡ್ಡಲ್ಲಿ ಮೂವರೂ ಟೀ ಕುಡಿಯೋಕಾಗಲ್ಲ.

ಅಷ್ಟರಲ್ಲಿ ನಮ್ಮಲ್ಲೊಬ್ಬ ಇಎಂಐನಲ್ಲಿ ಕ್ಯಾಮೆರಾ ತಗೊಳ್ಳೋ ಪ್ಲ್ಯಾನ್ ಮಾಡಿದ್ದ. ಇಂಜಿನಿಯರಿಂಗ್ ನನಗಲ್ಲ, ಬಿಟ್ಟುಬಿಡ್ತೀನಿ ಅನ್ನೋವರೆಗೂ ಹೋಗಿದ್ದ. ರಾತ್ರಿಯೆಲ್ಲಾ ಅದೇ ವಾದ. ಅದೇ ಸಮಯದಲ್ಲಿ ಕನ್ನಡ ಸಂಘದ ಕ್ವಿಜ್‌ಗೆ ಪ್ರಶ್ನೆ ಹುಡುಕ್ತಾ ಇದ್ದಾಗ ನಮಗೆ ಸಿಕ್ಕವರು ರಾಜಾ ದೀನ್ ದಯಾಳ್. 19ನೇ ಶತಮಾನದ ಭಾರತದ ಅತಿ ಪ್ರಸಿದ್ಧ ಫೋಟೋಗ್ರಾಫರ್. ಓದಿದ್ದು ಮಾತ್ರ ಇಂಜಿನಿಯರಿಂಗ್. ಕ್ವಿಜ್‌ಗೆ ಒಂದು ಪ್ರಶ್ನೆ ಸಾಕಿತ್ತು, ಆದ್ರೆ ನಾವು ಅವರ ಕಥೆಯನ್ನು ಬಿಡೋಕಾಗದೆ ಓದ್ತಾ ಹೋದ್ವಿ.

ರೂರ್ಕಿಯಿಂದ ಇಂದೋರ್‌ಗೆ

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾ ಅನ್ನೋ ಊರಲ್ಲಿ. ಆಭರಣದ ವ್ಯಾಪಾರ ಮಾಡ್ತಿದ್ದ ಜೈನ ಕುಟುಂಬ. ಹುಡುಗ ಅಂಗಡಿಯಲ್ಲಿ ಕೂರಲಿಲ್ಲ, ರೂರ್ಕಿಯ ಥಾಮಸನ್ ಸಿವಿಲ್ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ. ಇವತ್ತಿನ ಐಐಟಿ ರೂರ್ಕಿ ಅದೇ. ಅಲ್ಲಿ ತರಬೇತಿ ಮುಗಿಸಿ 1866ರಲ್ಲಿ ಇಂದೋರ್‌ನ ಲೋಕೋಪಯೋಗಿ ಇಲಾಖೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಹುದ್ದೆ ಹೆಡ್ ಎಸ್ಟಿಮೇಟರ್ ಮತ್ತು ಡ್ರಾಫ್ಟ್ಸ್‌ಮನ್. ಅಂದ್ರೆ ರಸ್ತೆ, ಸೇತುವೆ, ಕಟ್ಟಡಗಳಿಗೆ ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ಹಾಕೋದು, ನಕ್ಷೆ ಬರೆಯೋದು. ಮೊದಲ ವರ್ಷ ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ನಾವು ಬೈಕೊಂಡು ಮಾಡಿದ ಕೆಲಸ ಅವರಿಗೆ ದಿನದ ಡ್ಯೂಟಿ.

ಎಂಟು ವರ್ಷ ಹೀಗೇ ಹೋಯ್ತು. 1874ರ ಹೊತ್ತಿಗೆ, ಸುಮಾರು 30ನೇ ವಯಸ್ಸಲ್ಲಿ, ಅವರು ಫೋಟೋಗ್ರಫಿ ಶುರು ಮಾಡಿದರು. ಆಫೀಸ್ ಕೆಲಸದ ಜೊತೆಗೆ, ಹವ್ಯಾಸವಾಗಿ. ನಮ್ಮ ಥರ ಪಕ್ಕಾ ಬಿಗಿನರ್.

ಒಂದು ಕ್ಲಿಕ್‌ನ ಹಿಂದೆ

ಆಗ ಬಿಗಿನರ್ ಆಗೋದು ಎಷ್ಟು ಕಷ್ಟ ಅಂತ ತಿಳ್ಕೋಬೇಕಾದ್ರೆ ಆ ಕಾಲದ ಪ್ರೊಸೆಸ್ ಗೊತ್ತಿರಬೇಕು. ಅದರ ಹೆಸರು ವೆಟ್ ಕೊಲೋಡಿಯನ್. ಒಂದು ಗಾಜಿನ ಪ್ಲೇಟ್ ತಗೊಂಡು ಚೆನ್ನಾಗಿ ಒರೆಸಿ, ಅದರ ಮೇಲೆ ಕೊಲೋಡಿಯನ್ ಅನ್ನೋ ಅಂಟು ದ್ರವವನ್ನು ಸಮವಾಗಿ ಹರಡಬೇಕು. ಆಮೇಲೆ ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಈಗ ಪ್ಲೇಟ್ ಬೆಳಕಿಗೆ ಸ್ಪಂದಿಸುತ್ತೆ. ಆದರೆ ಒದ್ದೆ ಇರೋವರೆಗೆ ಮಾತ್ರ! ಹತ್ತು ಹದಿನೈದು ನಿಮಿಷದ ಒಳಗೆ ಕ್ಯಾಮೆರಾಗೆ ಹಾಕಿ, ಎಕ್ಸ್‌ಪೋಸ್ ಮಾಡಿ, ಮತ್ತೆ ಕತ್ತಲಿಗೆ ಓಡಿ ಡೆವಲಪ್ ಮಾಡಬೇಕು. ಒಣಗಿದ್ರೆ ಮುಗೀತು, ಗಾಜು ತೊಳೆದು ಮೊದಲಿಂದ ಶುರು.

ಹಾಗಾಗಿ ಊರಾಚೆಗಿನ ಗುಡಿಯೊಂದರ ಫೋಟೋ ಬೇಕಂದ್ರೆ ಕ್ಯಾಮೆರಾ, ಟ್ರೈಪಾಡ್, ಗಾಜು, ಕೆಮಿಕಲ್ ಬಾಟಲಿ, ನೀರು, ಡಾರ್ಕ್‌ರೂಮಿನ ಟೆಂಟ್ ಎಲ್ಲವನ್ನೂ ಅಲ್ಲಿಗೇ ಹೊತ್ಕೊಂಡು ಹೋಗಬೇಕು. ಜೊತೆಗೆ ಆಗ ಪ್ರಿಂಟನ್ನು ಸಾಮಾನ್ಯವಾಗಿ ದೊಡ್ಡದು ಮಾಡ್ತಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಫೋಟೋ ಅಷ್ಟೇ ದೊಡ್ಡದು. ದೊಡ್ಡ ಫೋಟೋ ಬೇಕಾದ್ರೆ ದೊಡ್ಡ ಗಾಜು, ದೊಡ್ಡ ಕ್ಯಾಮೆರಾ. 1880ರ ಸುಮಾರಿಗೆ ಮೊದಲೇ ತಯಾರಿಸಿಟ್ಟ ಡ್ರೈ ಪ್ಲೇಟ್‌ಗಳು ಬಂದ ಮೇಲೆ ಕೆಲಸ ಸ್ವಲ್ಪ ಸಲೀಸಾಯ್ತು.

ಒಂದು ಪ್ಲೇಟ್‌ಗೆ ಇಷ್ಟು ಖರ್ಚು, ಇಷ್ಟು ಶ್ರಮ ಇರುವಾಗ ಯಾರೂ ಸುಮ್ನೆ ಕ್ಲಿಕ್ ಮಾಡ್ತಾ ಹೋಗಲ್ಲ. ಎಲ್ಲಿ ನಿಲ್ಲಬೇಕು, ಬಿಸಿಲು ಯಾವ ಕಡೆಯಿಂದ ಬೀಳುತ್ತೆ, ಕಟ್ಟಡದ ಗೆರೆಗಳು ನೇರ ಬರುತ್ತಾ ಅಂತ ಮೊದಲೇ ಲೆಕ್ಕ ಹಾಕಬೇಕು. ಲೆಕ್ಕ ಹಾಕೋದೇ ದೀನ್ ದಯಾಳ್ ಅವರ ಉದ್ಯೋಗ! ಅವರ ಕಟ್ಟಡದ ಫೋಟೋಗಳನ್ನು ನೋಡಿ. ಕಂಬ ನೆಟ್ಟಗೆ ನಿಂತಿರುತ್ತೆ, ಕಲ್ಲಿನ ಕೆತ್ತನೆ ಒಂದೊಂದೂ ಎಣಿಸೋ ಹಾಗಿರುತ್ತೆ. ನಕ್ಷೆ ಬರೆದ ಕಣ್ಣು ಅದು ಅಂತ ನಮಗೆ ಅನಿಸ್ತು.

ಕೆಲಸ ಬಿಡದೆ ಹನ್ನೊಂದು ವರ್ಷ

ಇಂದೋರ್‌ನ ಮಹಾರಾಜ ಎರಡನೇ ತುಕೋಜಿ ರಾವ್ ಹೋಳ್ಕರ್ ಅವರಿಗೆ ಮೊದಲು ಬೆಂಬಲ ಕೊಟ್ಟರು. ಮಧ್ಯ ಭಾರತದ ಬ್ರಿಟಿಷ್ ಏಜೆಂಟ್ ಆಗಿದ್ದ ಸರ್ ಹೆನ್ರಿ ಡೇಲಿ ಕೂಡ ಪ್ರೋತ್ಸಾಹಿಸಿದರು. 1875-76ರಲ್ಲಿ ವೇಲ್ಸ್ ರಾಜಕುಮಾರ, ಅಂದ್ರೆ ಮುಂದೆ ಏಳನೇ ಎಡ್ವರ್ಡ್ ಆದವರು, ಭಾರತ ಪ್ರವಾಸಕ್ಕೆ ಬಂದಾಗ ದೀನ್ ದಯಾಳ್ ಫೋಟೋ ತೆಗೆದರು. ಕ್ಯಾಮೆರಾ ಹಿಡಿದು ಎರಡೇ ವರ್ಷ ಆಗಿತ್ತು.

ಇಷ್ಟಾದ್ರೂ ಅವರು ಕೆಲಸ ಬಿಡಲಿಲ್ಲ. ಎಸ್ಟಿಮೇಟ್ ಹಾಕ್ತಾನೇ ಇದ್ರು, ಸಮಯ ಸಿಕ್ಕಾಗ ಫೋಟೋ ತೆಗೀತಾ ಇದ್ರು. 1880ರ ದಶಕದ ಆರಂಭದಲ್ಲಿ ಡೇಲಿ ಅವರ ನಂತರ ಬಂದ ಏಜೆಂಟ್ ಸರ್ ಲೆಪೆಲ್ ಗ್ರಿಫಿನ್ ಬುಂದೇಲಖಂಡದ ಪ್ರವಾಸಕ್ಕೆ ಇವರನ್ನು ಜೊತೆಗೆ ಕರ್ಕೊಂಡು ಹೋದರು. ಗ್ವಾಲಿಯರ್, ಓರ್ಛಾ, ದತಿಯಾದಂಥ ಊರುಗಳ ಕೋಟೆ, ಅರಮನೆ, ದೇವಾಲಯಗಳೆಲ್ಲ ಗಾಜಿನ ಮೇಲೆ ಬಂದವು. 1886ರಲ್ಲಿ ಗ್ರಿಫಿನ್ ಹೆಸರಲ್ಲಿ ಮಧ್ಯ ಭಾರತದ ಪ್ರಸಿದ್ಧ ಸ್ಮಾರಕಗಳ ಬಗ್ಗೆ ದೊಡ್ಡ ಪುಸ್ತಕ ಬಂತು. ಅದರೊಳಗಿನ ಚಿತ್ರಗಳು ದೀನ್ ದಯಾಳ್ ಅವರವು.

ಈಗ ನಮ್ಮ ಬಿಸಿನೆಸ್‌ಗೆ ಸಂಬಂಧಪಟ್ಟ ಭಾಗಕ್ಕೆ ಬರೋಣ. ಒಬ್ಬರ ಪೋರ್ಟ್ರೇಟ್ ತೆಗೆದರೆ ಅದನ್ನು ಕೊಳ್ಳೋರು ಅವರು, ಹೆಚ್ಚಂದ್ರೆ ಅವರ ಮನೆಯವರು. ಆದರೆ ಒಂದು ಕೋಟೆಯ ಫೋಟೋ ಯಾರಿಗೆ ಬೇಕಾದ್ರೂ ಮಾರಬಹುದು. ಆಗ ಇಂಥ ಫೋಟೋಗಳಿಗೆ ವ್ಯೂಸ್ ಅಂತಿದ್ರು. ಊರಿಗೆ ವಾಪಸ್ ಹೋಗೋ ಬ್ರಿಟಿಷ್ ಅಧಿಕಾರಿಗಳು, ಪ್ರವಾಸಿಗಳು ಇವನ್ನು ಕೊಂಡು ಆಲ್ಬಮ್‌ಗೆ ಅಂಟಿಸಿಕೊಳ್ತಿದ್ರು. ಬೋರ್ನ್ ಅಂಡ್ ಶೆಫರ್ಡ್‌ನಂಥ ಯುರೋಪಿಯನ್ ಕಂಪನಿಗಳು 1860ರ ದಶಕದಿಂದಲೇ ಈ ವ್ಯಾಪಾರದಲ್ಲಿದ್ದವು. ದೀನ್ ದಯಾಳ್ ಅದೇ ಮಾರ್ಕೆಟ್‌ಗೆ ಇಳಿದರು.

ನೆಗೆಟಿವ್ ಮಾಡೋಕೆ ಆಗೋ ಖರ್ಚು ಒಂದೇ ಸಲ. ಆಮೇಲೆ ಪ್ರತಿ ಪ್ರಿಂಟ್‌ಗೂ ಬೇಕಾಗಿದ್ದು ಮೊಟ್ಟೆಯ ಬಿಳಿ ಲೋಳೆ ಸವರಿದ ಆಲ್ಬ್ಯುಮೆನ್ ಪೇಪರ್, ಒಂದಿಷ್ಟು ಬೆಳ್ಳಿಯ ಲವಣ, ಮತ್ತೆ ಬಿಸಿಲು. ಪೇಪರಿನ ಮೇಲೆ ನೆಗೆಟಿವ್ ಒತ್ತಿ ಬಿಸಿಲಲ್ಲಿಟ್ಟರೆ ಚಿತ್ರ ತಾನಾಗೇ ಮೂಡುತ್ತೆ, ಆಮೇಲೆ ಟೋನ್ ಮಾಡಿ ಫಿಕ್ಸ್ ಮಾಡ್ತಾರೆ. ನಮ್ಮ ಎಕನಾಮಿಕ್ಸ್ ಪೇಪರಿನ ಭಾಷೆಯಲ್ಲಿ ಹೇಳೋದಾದ್ರೆ ಫಿಕ್ಸೆಡ್ ಕಾಸ್ಟ್ ಜಾಸ್ತಿ, ಮಾರ್ಜಿನಲ್ ಕಾಸ್ಟ್ ಕಡಿಮೆ. ಸ್ಟಾಕ್ ಫೋಟೋದ ಲೆಕ್ಕವೂ ಇದೇ.

ವ್ಯೂಸ್‌ಗೆ ಬೇಡಿಕೆ ಏರ್ತಾ ಹೋಯ್ತು. 1885ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ ಅವರ ಫೋಟೋಗ್ರಾಫರ್ ಅನ್ನೋ ನೇಮಕವೂ ಸಿಕ್ತು. ಆಗಲೂ ನೋಡಿ, ಅವರು ಮೊದಲು ಮಾಡಿದ್ದು ರಾಜೀನಾಮೆ ಅಲ್ಲ. 1880ರ ದಶಕದ ಮಧ್ಯದಲ್ಲಿ ಇಲಾಖೆಯಿಂದ 2 ವರ್ಷದ ರಜೆ ತಗೊಂಡರು. ಆ ರಜೆಯಲ್ಲಿ ಊರೂರು ತಿರುಗಿ ತಮ್ಮ ವ್ಯೂಸ್ ಸಂಗ್ರಹ ಪೂರ್ತಿ ಮಾಡೋಕೆ ಹೊರಟರು. ಇದರಿಂದ ಬದುಕಬಹುದು ಅಂತ ಖಾತ್ರಿ ಆದ ಮೇಲೆ ನಿವೃತ್ತಿ ಪಡೆದರು, ಪೆನ್ಷನ್ ಸಮೇತ! ಕ್ಯಾಮೆರಾ ಹಿಡಿದಾಗಿನಿಂದ ರಜೆ ಹಾಕೋವರೆಗೆ ಸುಮಾರು ಹನ್ನೊಂದು ವರ್ಷ. ಈ ಭಾಗ ಓದಿದ ರಾತ್ರಿ ನಮ್ಮ ರೂಮಿನಲ್ಲಿ ಇಎಂಐ ವಾದ ನಡೀಲಿಲ್ಲ.

ಗಾಜಿನ ಮೇಲೆ ನಂಬರು

ನಮಗೆ ಅತಿ ಹೆಚ್ಚು ಹಿಡಿಸಿದ್ದು ಒಂದು ಸಣ್ಣ ವಿಷಯ. ದೀನ್ ದಯಾಳ್ ಸ್ಟುಡಿಯೋದ ಎಷ್ಟೋ ಪ್ರಿಂಟ್‌ಗಳಲ್ಲಿ ಕೆಳಗಡೆ ಬಿಳಿ ಅಕ್ಷರದಲ್ಲಿ ಒಂದು ನಂಬರು, ಜೊತೆಗೆ ಜಾಗದ ಹೆಸರು ಇರುತ್ತೆ. ಅದು ಪ್ರಿಂಟ್ ಮೇಲೆ ಬರೆದಿದ್ದಲ್ಲ, ನೆಗೆಟಿವ್ ಮೇಲೇ ಬರೆದಿದ್ದು. ಗಾಜಿನ ಮೇಲೆ ಮಸಿ ಇರೋ ಕಡೆ ಬೆಳಕು ಹಾದುಹೋಗಲ್ಲ, ಹಾಗಾಗಿ ಪೇಪರ್ ಮೇಲೆ ಆ ಜಾಗ ಬಿಳಿಯಾಗೇ ಉಳಿಯುತ್ತೆ. ಚಿತ್ರ ಇರೋ ಬದಿಯಲ್ಲಿ ಬರೆದರೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೀಬೇಕು.

ಇಷ್ಟು ಕಷ್ಟ ಯಾಕೆ? ಸಾವಿರಾರು ಗಾಜು ಇರುವಾಗ ಗಿರಾಕಿ ಬಂದು ಇಂಥ ಊರಿನ ಇಂಥ ಬಾಗಿಲು ಬೇಕು ಅಂದ್ರೆ ಹುಡುಕಿ ತೆಗೀಬೇಕಲ್ಲ! ಹೆಸರಿಲ್ಲದ ನೆಗೆಟಿವ್ ಎಷ್ಟೇ ಚೆನ್ನಾಗಿದ್ರೂ ಬರೀ ಗಾಜು. ನಾವು ಅಪ್‌ಲೋಡ್ ಮಾಡುವಾಗ ಟೈಟಲ್, ಕೀವರ್ಡ್ ಕಾಲಂ ನೋಡಿ ಬೋರಾಗಿ ಬ್ಯೂಟಿಫುಲ್, ನೇಚರ್ ಅಂತ ಏನೋ ಹಾಕಿ ಮುಂದೆ ಹೋಗಿದ್ವಿ. ವರ್ನಿಯರ್ ಫೋಟೋಗೆ ಮಾತ್ರ ಉಪಕರಣದ ಹೆಸರು, ಅದು ಏನನ್ನು ಅಳೆಯುತ್ತೆ, ಎಲ್ಲಿ ಬಳಸ್ತಾರೆ ಅಂತ ಸರಿಯಾಗಿ ಬರೆದಿದ್ವಿ, ಯಾಕಂದ್ರೆ ಅದಷ್ಟೇ ನಮಗೆ ಗೊತ್ತಿತ್ತು. ಮಾರಾಟ ಆಗಿದ್ದೂ ಅದೇ. ಸೂರ್ಯಾಸ್ತ ಎಲ್ಲರ ಹತ್ರಾನೂ ಇರುತ್ತೆ. ಯಾರಿಗೋ ನಿಜವಾಗಿ ಬೇಕಾಗಿರೋ ವಸ್ತು, ಸ್ಪಷ್ಟವಾಗಿ, ಸರಿಯಾದ ಹೆಸರಿನ ಜೊತೆ ಸಿಗೋದು ಕಡಿಮೆ.

ಮುಸವ್ವಿರ್ ಜಂಗ್

ಮುಂದಿನದು ವೈಭವದ ಕಥೆ. ಹೈದರಾಬಾದ್‌ನ ಆರನೇ ನಿಜಾಮ್ ಮೀರ್ ಮಹಬೂಬ್ ಅಲಿ ಖಾನ್ ಇವರನ್ನು ಆಸ್ಥಾನದ ಫೋಟೋಗ್ರಾಫರ್ ಮಾಡಿಕೊಂಡರು. 1886ರಲ್ಲಿ ಸಿಕಂದರಾಬಾದ್‌ನಲ್ಲಿ ಸ್ಟುಡಿಯೋ ಶುರುವಾಯ್ತು. ಆಗ ನಿಜಾಮರ ರಾಜ್ಯ ಅಂದ್ರೆ ಬರೀ ಹೈದರಾಬಾದ್ ಅಲ್ಲ, ನಮ್ಮ ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಅದರೊಳಗೇ ಇದ್ದವು. ಅರಮನೆ, ಔತಣ, ಬೇಟೆ, ಸೈನ್ಯದ ಕವಾಯತು, ಹೀಗೆ ಎಲ್ಲದಕ್ಕೂ ದೀನ್ ದಯಾಳ್ ಬೇಕಾಯ್ತು. ನಿಜಾಮರು ಇವರ ಕಲೆಯನ್ನು ಹೊಗಳಿ ಒಂದು ದ್ವಿಪದಿಯನ್ನೂ ಬರೆದರು. 1894ರಲ್ಲಿ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಅನ್ನೋ ಬಿರುದು ಕೊಟ್ಟರು. ಮುಸವ್ವಿರ್ ಅಂದ್ರೆ ಚಿತ್ರ ಬರೆಯುವವನು. ಅಂದಿನಿಂದ ಲಾಲಾ ದೀನ್ ದಯಾಳ್ ರಾಜಾ ದೀನ್ ದಯಾಳ್ ಆದರು. ವಿಕ್ಟೋರಿಯಾ ರಾಣಿಯ ಫೋಟೋಗ್ರಾಫರ್ ಅನ್ನೋ ಗೌರವವೂ ಬಂತು. 1893ರ ಶಿಕಾಗೋ ವಿಶ್ವ ಪ್ರದರ್ಶನದಲ್ಲಿ ಅವರ ಫೋಟೋಗಳಿದ್ದವು.

ವ್ಯಾಪಾರದಲ್ಲೂ ಅವರು ಚುರುಕು. ಪರದೆ ಪಾಲಿಸೋ ಮನೆತನದ ಹೆಂಗಸರು ಗಂಡಸರ ಮುಂದೆ ಕೂತು ಫೋಟೋ ತೆಗೆಸಿಕೊಳ್ಳೋ ಹಾಗಿರಲಿಲ್ಲ. ಹಾಗಂತ ಅವರಿಗೆ ಫೋಟೋ ಬೇಡ ಅಂತ ಅಲ್ಲ. 1892ರಲ್ಲಿ ಹೈದರಾಬಾದ್‌ನಲ್ಲಿ ಹೆಂಗಸರಿಗೆ ಅಂತಲೇ ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ, ಒಳಗೆ ಉಸ್ತುವಾರಿಗೆ ಒಬ್ಬ ಬ್ರಿಟಿಷ್ ಮಹಿಳೆ. 1896ರಲ್ಲಿ ಬಾಂಬೆಯಲ್ಲಿ ಇನ್ನೊಂದು ದೊಡ್ಡ ಸ್ಟುಡಿಯೋ. ಮಕ್ಕಳಾದ ಜ್ಞಾನ್ ಚಂದ್, ಧರಮ್ ಚಂದ್ ಕೂಡ ಇದೇ ಕೆಲಸಕ್ಕೆ ಬಂದರು. 1902ರಲ್ಲಿ ವೈಸರಾಯ್ ಕರ್ಜನ್ ದಂಪತಿ ಸತ್ತ ಹುಲಿಯ ಪಕ್ಕ ನಿಂತಿರೋ ಫೋಟೋ ನೀವೂ ಎಲ್ಲೋ ನೋಡಿರ್ತೀರ. ಅದು ಇವರದ್ದೇ. 1903ರ ದೆಹಲಿ ದರ್ಬಾರಿನ ಫೋಟೋಗಳನ್ನೂ ಇವರ ಸಂಸ್ಥೆ ತೆಗೆದಿದೆ.

ಸಹಿ ಇಲ್ಲದವರು

ಇಷ್ಟು ಓದೋವಾಗ ನಾವು ಫುಲ್ ಫ್ಯಾನ್ ಆಗಿದ್ವಿ. ಆಮೇಲೆ ಬರದ ಫೋಟೋಗಳ ವಿಷಯ ಸಿಕ್ತು.

1899-1900ರಲ್ಲಿ ದಖನ್‌ನಲ್ಲಿ ಭೀಕರ ಬರ ಬಿತ್ತು. ಔರಂಗಾಬಾದ್ ಕಡೆ ನಿಜಾಮ್ ಸರ್ಕಾರ ನಡೆಸಿದ ಪರಿಹಾರ ಕೆಲಸವನ್ನು ದೀನ್ ದಯಾಳ್ ಸ್ಟುಡಿಯೋ ಫೋಟೋ ತೆಗೀತು. ಆ ಫೋಟೋಗಳೂ ಅಷ್ಟೇ ಶಾರ್ಪ್, ಅಷ್ಟೇ ನೇರ. ಆದರೆ ಎದುರಿಗೆ ಇರೋರು ರಾಜರಲ್ಲ, ಹಸಿದ ಜನ. ಮಹಾರಾಜರ ಪೋರ್ಟ್ರೇಟ್‌ಗಳ ಕೆಳಗೆ ಉದ್ದುದ್ದ ಹೆಸರು, ಬಿರುದು. ಬರದಲ್ಲಿ ನಿಂತವರು ಬರೀ ಬರಪೀಡಿತರು. ಆ ಕಾಲದಲ್ಲಿ ಇಂಥವರ ಫೋಟೋ ತೆಗೆಯೋಕೆ ಯಾವ ಒಪ್ಪಿಗೆ ಪತ್ರದ ರೂಢಿಯೂ ಇರಲಿಲ್ಲ. ಇದು ದೀನ್ ದಯಾಳ್ ಒಬ್ಬರ ತಪ್ಪು ಅಂತ ಹೇಳೋಕಾಗಲ್ಲ, ಆ ಫೋಟೋಗಳು ಇಲ್ಲದಿದ್ರೆ ಆ ಬರ ನಮ್ಮ ಕಣ್ಣಿಗೆ ಕಾಣ್ತಾನೂ ಇರಲಿಲ್ಲ. ಆದ್ರೂ ನೋಡ್ತಾ ನಮಗೆ ಹೂವಿನಜ್ಜಿ ನೆನಪಾದರು.

ಒಪ್ಪಿಗೆ ಪತ್ರ ಕೇಳಿದ್ದಾಗ ನಾವು ವೆಬ್‌ಸೈಟಿನವರನ್ನ ಬೈಕೊಂಡಿದ್ವಿ, ಸುಮ್ನೆ ರೂಲ್ಸ್ ಅಂತ. ಈಗ ಪ್ರಿಂಟ್ ತೆಗೆದು ಅಜ್ಜಿ ಹತ್ರ ಹೋದ್ವಿ. ಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿತ್ತು, ನಾವೇ ಕನ್ನಡದಲ್ಲಿ ಓದಿ ಹೇಳಿದ್ವಿ. ಅಜ್ಜಿ ಎರಡೇ ಪ್ರಶ್ನೆ ಕೇಳಿದರು. ತಮ್ಮ ಫೋಟೋ ಯಾವ ಊರಿಗೆ ಹೋಗುತ್ತೆ, ಅದರ ಕೆಳಗೆ ಏನಂತ ಬರೀತಾರೆ ಅಂತ. ಎರಡಕ್ಕೂ ನಮ್ಮ ಹತ್ರ ಉತ್ತರ ಇರಲಿಲ್ಲ. ಸ್ಟಾಕ್ ಫೋಟೋನ ಯಾರು ಕೊಳ್ತಾರೆ, ಯಾವುದಕ್ಕೆ ಬಳಸ್ತಾರೆ ಅಂತ ತೆಗೆದವರಿಗೇ ಗೊತ್ತಿರಲ್ಲ. ಬಡತನದ ಬಗ್ಗೆ ಯಾವುದೋ ಲೇಖನಕ್ಕೂ ಹಾಕಬಹುದು. ಅಜ್ಜಿ ಮೂವತ್ತು ವರ್ಷದಿಂದ ಅದೇ ಗೇಟಲ್ಲಿ ಹೂವು ಮಾರಿ ಮನೆ ಕಟ್ಟಿಸಿದವರು. ಪತ್ರವನ್ನು ಮಡಚಿ ಬ್ಯಾಗಿಗೆ ಹಾಕ್ಕೊಂಡು ವಾಪಸ್ ಬಂದ್ವಿ. ಮಾರನೇ ದಿನ ಫೋಟೋದ ಒಂದು ಪ್ರಿಂಟ್ ಮಾಡಿಸಿ ಅಜ್ಜಿಗೆ ಕೊಟ್ವಿ. ಅದು ಈಗ ಹೂವಿನ ಬುಟ್ಟಿ ಪಕ್ಕದ ದುಡ್ಡಿನ ಡಬ್ಬಿಯಲ್ಲಿದೆ.

ಉಳಿದದ್ದು

ರಾಜಾ ದೀನ್ ದಯಾಳ್ 1905ರ ಜುಲೈನಲ್ಲಿ ತೀರಿಕೊಂಡರು. 1911ರಲ್ಲಿ ಮಹಬೂಬ್ ಅಲಿ ಖಾನ್ ಕೂಡ ಹೋದರು. ಸ್ಟುಡಿಯೋದ ಹಳೇ ವೈಭವ ಮರಳಲಿಲ್ಲ. ಆದರೆ ಕುಟುಂಬದವರು ಗಾಜುಗಳನ್ನು ಎಸೆಯದೆ ಇಟ್ಟುಕೊಂಡಿದ್ದರು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವುಗಳಲ್ಲಿ 2,857 ಗಾಜಿನ ನೆಗೆಟಿವ್‌ಗಳನ್ನು ಪಡೆದುಕೊಂಡಿತು. 2006ರಲ್ಲಿ ಅಂಚೆ ಇಲಾಖೆ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಕೈ ಜಾರಿದ್ರೆ ಒಡೆದು ಹೋಗೋ ಗಾಜು ನೂರು ವರ್ಷ ದಾಟಿ ಬಂದಿದೆ, ನಮ್ಮ ಹಳೇ ಫೋನಿನ ಫೋಟೋಗಳು ಎರಡು ವರ್ಷ ಬಾಳಲಿಲ್ಲ!

ಕ್ಯಾಮೆರಾ ಪ್ಲ್ಯಾನ್ ಸದ್ಯಕ್ಕೆ ಮುಂದಕ್ಕೆ ಹೋಗಿದೆ. ನಮ್ಮ ರೂಮ್‌ಮೇಟ್ ಡಿಗ್ರಿ ಮುಗಿಸ್ತಾನಂತೆ, ಫೋಟೋನೂ ಬಿಡಲ್ಲವಂತೆ. ಈಗ ನಾವು ಲ್ಯಾಬ್‌ಗಳಲ್ಲಿ ಅನುಮತಿ ಕೇಳಿ ಉಪಕರಣಗಳ ಫೋಟೋ ತೆಗೀತಿದ್ದೀವಿ. ಲೇತ್, ಮೈಕ್ರೋಮೀಟರ್, ಕಾಂಕ್ರೀಟ್ ಕ್ಯೂಬ್, ಬ್ರೆಡ್‌ಬೋರ್ಡ್. ಕಿಟಕಿ ಬೆಳಕಲ್ಲಿ, ಲೋಗೋ ಕಾಣದ ಹಾಗೆ, ಫೋಕಸ್ ಎರಡು ಸಲ ಚೆಕ್ ಮಾಡಿ. ಪ್ರತಿ ಫೋಟೋಗೂ ಒಂದು ನಂಬರು, ವಸ್ತುವಿನ ಹೆಸರು, ದಿನಾಂಕ ಒಂದು ಎಕ್ಸೆಲ್ ಶೀಟಲ್ಲಿ. ಇಲ್ಲಿವರೆಗೆ 41 ಆಗಿದೆ. ವರ್ನಿಯರ್ ಕ್ಯಾಲಿಪರ್ ನಂಬರು 1. ಹೂವಿನಜ್ಜಿಯ ಫೋಟೋಗೆ ನಂಬರು ಕೊಟ್ಟಿಲ್ಲ. ಅದು ಸ್ಟಾಕ್ ಅಲ್ಲ.